ಮಾತಾಡಿಕೊಂಡು ನಡೆಯುವಷ್ಟು ನಿಧಾನ

“ಟಿಕೆಟ್ ಮಾಡಿಬಿಡು ಜಾಬಿರ್. ಝುಬೈದಾಗೆ ಮಾತ್ರ ಈಗಲೇ ಗೊತ್ತಾಗುವುದು ಬೇಡ.”

ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದಿದ್ದ ಝುಬೈದಾ ಪರದೆಯ ಹಿಂದೆಯೇ ನಿಂತುಬಿಟ್ಟಳು. ಗಂಡ ಶಫೀಕ್ ಅಲ್ಲಿ ಆಚೆ ತಿರುಗಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಕೆಳಗೆ ತೊಕ್ಕೊಟ್ಟು ಜಂಕ್ಷನ್ನಿನ ಬಸ್ಸುಗಳ ಹಾರ್ನಿನಲ್ಲಿ ಆಮೇಲಿನ ಮಾತು ಅವಳಿಗೆ ಕೇಳಿಸಲಿಲ್ಲ. ಕೇಳಿಸಿದ್ದೇ ಸಾಕಾಗಿತ್ತು. ಸದ್ದಾಗದ ಹಾಗೆ ಬಕೆಟ್ ಕೆಳಗಿಟ್ಟು ಅಡುಗೆಮನೆಗೆ ಮರಳಿದಳು.

ಜಾಬಿರ್ ಸೌದಿಯ ದಮ್ಮಾಮಿನ ಗೋದಾಮಿನಲ್ಲಿ ಶಫೀಕ್‌ನ ಜೊತೆ ಕೆಲಸ ಮಾಡುವವನು. ಅದೇ ಗೋದಾಮಿನಲ್ಲಿ, ಲಾರಿಯಿಂದ ಸರಕು ಇಳಿಸುವ ಅವಸರದಲ್ಲಿ, ಶಫೀಕ್ ಎದೆ ಹಿಡಿದುಕೊಂಡು ಕುಸಿದದ್ದು. ವಯಸ್ಸು ಇನ್ನೂ ನಲವತ್ತು ದಾಟಿರಲಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಊರಿಗೆ ಕಳಿಸಿದರು. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯ ಮೇಲೆ ಬಂದವನು ಮಗಳು ಮರ್ವಾಳನ್ನು ಕಂಡೊಡನೆ ಎದ್ದು ನಡೆದು ಬಂದ. ಅಷ್ಟು ಸಣ್ಣ ದೂರಕ್ಕೇ ಅವನ ಹಣೆ ಬೆವೆತದ್ದನ್ನು ಝುಬೈದಾ ನೋಡಿದ್ದಳು. ನೋಡಿಯೂ ನಕ್ಕಿದ್ದಳು.

ಮದುವೆಯಾದಂದಿನಿಂದ ಅವರ ಸಂಸಾರವೆಲ್ಲ ಫೋನಿನಲ್ಲೇ. ರಜೆಗೆ ಬಂದರೆ ನೆಂಟರು, ಮದುವೆ, ಔತಣ. ಅದು ಮುಗಿಯುವಷ್ಟರಲ್ಲಿ ಬ್ಯಾಗ್ ಕಟ್ಟುವ ಹೊತ್ತು. “ಊಟ ಆಯ್ತಾ ಝುಬಿ?” ಎನ್ನುವ ಆ ದನಿ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಆ ದನಿಯ ಮನುಷ್ಯ ದಿನವಿಡೀ ಮನೆಯಲ್ಲೇ ಇದ್ದಾಗ ಅವನೊಂದಿಗೆ ಹೇಗಿರಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದ ಹಾಗಿರಲಿಲ್ಲ. ನೀರು ಬೇಕಾದರೂ ಅತಿಥಿಯ ಹಾಗೆ ಕೇಳುತ್ತಿದ್ದ. ಒಂದು ಸ್ಕ್ರೂಡ್ರೈವರ್ ಹುಡುಕಲು ಮನೆಯ ಡ್ರಾಯರ್‌ಗಳನ್ನೆಲ್ಲ ತೆರೆದು ನೋಡಿ, ಸಿಟ್ಟಿನಿಂದ ಮುಚ್ಚುತ್ತಿದ್ದ.

ದಾರಿ ತೋರಿಸಿದ್ದು ಡಾಕ್ಟರ್ ಡ್ಯಾಫ್ನಿ. ಬೇಗ ಗುಣವಾಗಬೇಕೆಂದು ಮೆಟ್ಟಿಲುಗಳನ್ನು ಓಡಿ ಹತ್ತಿದ ಶಫೀಕ್‌ಗೆ ಅವರು ಚೆನ್ನಾಗಿ ಬೈದರು. “ಎಂತ ಅರ್ಜೆಂಟ್ ನಿಮಗೆ? ದಿನಾ ವಾಕಿಂಗ್ ಹೋಗಿ. ಆದರೆ ಪಕ್ಕದವರ ಹತ್ತಿರ ಮಾತಾಡ್ಲಿಕ್ಕೆ ಆಗುವಷ್ಟು ನಿಧಾನ. ಮಾತು ಕಟ್ಟಿತು ಅಂದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತ ಅರ್ಥ.” ಆಮೇಲೆ ಝುಬೈದಾಳ ಕಡೆ ನೋಡಿ, “ಪಕ್ಕದವರು ನೀವೇ ಆಗಿ,” ಎಂದರು.

ಹಾಗೆ ಶುರುವಾಯಿತು. ಸಂಜೆ ಮರ್ವಾ ಟ್ಯೂಷನ್‌ಗೆ ಹೋದ ಮೇಲೆ ಇಬ್ಬರೂ ಉಳ್ಳಾಲದ ಕಡೆಗಿನ ಒಳದಾರಿ ಹಿಡಿಯುತ್ತಿದ್ದರು.

“ಎಂತ ಮಾತಾಡುವುದು?” ಮೊದಲ ಸಂಜೆ ಶಫೀಕ್ ಕೇಳಿದ್ದ.

“ಇಷ್ಟು ವರ್ಷ ಫೋನಲ್ಲಿ ಎಂತ ಮಾತಾಡ್ತಿದ್ರಿ?”

“ಫೋನಲ್ಲಿ ನೀನು ಇಷ್ಟು ಹತ್ತಿರ ಇರಲಿಲ್ಲ. ಈಗ ತಿರುಗಿ ನೋಡಿದ್ರೆ ಹೇಳ್ಲಿಕ್ಕೆ ಇದ್ದದ್ದು ಮರೆತುಹೋಗ್ತದೆ.”

ಝುಬೈದಾ ಶಾಲಿನ ಅಂಚು ಬಾಯಿಗೆ ಒತ್ತಿ ನಕ್ಕಳು. ಅವನು ಅವಳ ಮುಖವನ್ನಲ್ಲ, ಆ ಅಂಚನ್ನೇ ನೋಡುತ್ತಾ ನಡೆದ. ಮರುದಿನ ನಾಯಿ ಎದುರಾದಾಗ ಮೆಲ್ಲಗೆ ಅವಳ ಆಚೆ ಬದಿಗೆ ಸರಿದುಕೊಂಡ.

“ಅಯ್ಯೋ, ನಿಮಗೆ ನಾಯಿ ಹೆದರಿಕೆಯಾ? ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ!”

“ನೀನು ಯಾವತ್ತು ಕೇಳಿದ್ದಿ?”

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಗೆ ನಗದೆ ಎಷ್ಟು ಕಾಲವಾಗಿತ್ತೋ. ದಿನ ಕಳೆದಂತೆ ಸಂಜೆಯಾಗುವುದನ್ನೇ ಕಾಯತೊಡಗಿದಳು. ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಅವನ ಮುಖಕ್ಕೂ ಕಳೆ ಬಂದಿತ್ತು.

ಅಂಥ ಹೊತ್ತಿನಲ್ಲಿ ಈ ಟಿಕೆಟ್.

ಆ ಸಂಜೆಯೂ ಹೊರಟರು. ಝುಬೈದಾಳ ಸಿಟ್ಟು ಕಾಲಿಗಿಳಿದು, ಹೆಜ್ಜೆ ಬಿರುಸಾಯಿತು.

“ಇವತ್ತು ಎಂತ ಸೈಲೆಂಟ್?” ಶಫೀಕ್ ಕೇಳಿದ. “ಝುಬೀ, ಸ್ವಲ್ಪ ಮೆಲ್ಲ...”

ಅವಳು ಇನ್ನೂ ಮುಂದೆ ಹೋದಳು. ಹಿಂದೆ ಅವನ ಚಪ್ಪಲಿಯ ಸದ್ದು ಬೇಗಬೇಗನೆ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ತಿರುಗಿ ನೋಡಿದಳು. ಶಫೀಕ್ ಒಂದು ಕಾಂಪೌಂಡಿನ ಗೋಡೆ ಹಿಡಿದು ಬಾಗಿ ನಿಂತಿದ್ದ.

ಅಲ್ಲಿಯವರೆಗೆ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಅವನನ್ನು ಗೋಡೆಯ ಬುಡದಲ್ಲಿ ಕೂರಿಸಿ, ಎದೆಯ ಮೇಲೆ ಕೈಯಿಟ್ಟಳು. “ನೋಯ್ತದಾ? ಇಲ್ಲಿ ನೋಯ್ತದಾ? ಏನಾದರೂ ಹೇಳಿ ಮಾರಾಯ್ರೇ!” ಅವನು ಇಲ್ಲವೆಂದು ತಲೆಯಾಡಿಸಿದ. ಮಾತು ಮಾತ್ರ ಬರಲಿಲ್ಲ. ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಬಿರುಸಾಗಿ ಓಡಿಬಂದರು, ನೋವಿಲ್ಲ, ಕೈ ತಣ್ಣಗಾಗಿಲ್ಲ, ಏದುಸಿರು ಕಡಿಮೆಯಾಗುತ್ತಿದೆ ಎಂದಾಗ ಡ್ಯಾಫ್ನಿ, “ಹಾಗಾದರೆ ಓಡಿದ್ದೇ ಹೆಚ್ಚಾದದ್ದು. ಕೂತು ಸುಧಾರಿಸಿಕೊಳ್ಳಲಿ. ನೋವು ಬಂದರೆ ಕೂಡಲೇ ಆಸ್ಪತ್ರೆಗೆ. ಇಲ್ಲದಿದ್ದರೆ ಬೆಳಿಗ್ಗೆ ಕರೆದುಕೊಂಡು ಬನ್ನಿ,” ಎಂದರು.

ಝುಬೈದಾ ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತುಬಿಟ್ಟಳು. “ನಾನೇ ಓಡಿಸಿದ್ದು. ನಾನೇ ನಿಮ್ಮನ್ನು...”

“ನೀನು ಓಡಿಸಲಿಲ್ಲ.” ಅವನ ದನಿ ಇನ್ನೂ ತೆಳುವಾಗಿತ್ತು. “ಜಾಬಿರ್ ಹತ್ತಿರ ಮಾತಾಡಿದ್ದು ಕೇಳಿಸಿತಲ್ಲ? ಪರದೆಯ ಹಿಂದೆ ಒದ್ದೆ ಬಟ್ಟೆಯ ಬಕೆಟ್ ನೋಡಿದೆ.”

“ಹೋಗುವುದಾದ್ರೆ ಹೋಗಿ. ಆದರೆ ಈ ಸಲ ಬ್ಯಾಗ್ ನಾನು ಕಟ್ಟುವುದಿಲ್ಲ. ಪ್ರತಿ ಸಲ ಉಪ್ಪಿನಕಾಯಿ ಪ್ಯಾಕ್ ಮಾಡಿ, ನಗಾಡಿಕೊಂಡು ಗೇಟಿನವರೆಗೆ ಬಂದು, ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುವವಳು ನಾನು. ನಿಮಗೆ ಗೊತ್ತುಂಟಾ ಅದು?”

ಅವನಿಗೆ ಗೊತ್ತಿರಲಿಲ್ಲ.

“ಅಲ್ಲಿ ನಾನು ಒಬ್ಬ ಕೆಲಸದ ಮನುಷ್ಯ, ಝುಬಿ. ಇಲ್ಲಿ ಒಡೆದುಹೋಗುವ ಗ್ಲಾಸಿನ ಹಾಗೆ ಎಲ್ಲರೂ ಹಿಡಿಯುತ್ತಾರೆ. ನಾನು ನಿದ್ದೆ ಮಾಡುವಾಗ ನೀನು ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದು ನನಗೆ ಗೊತ್ತುಂಟು. ಪ್ರತಿ ಸಲವೂ ಎಚ್ಚರ ಇರ್ತೇನೆ. ನಿನ್ನ ನಿದ್ದೆ ಹಾಳು ಮಾಡುವ ಗಂಡ ಯಾಕೆ ಬೇಕು? ದೂರ ಇದ್ದರೆ ನಿನಗೆ ನನ್ನ ದನಿಯಾದರೂ ಚೆನ್ನಾಗಿ ಕೇಳ್ತದೆ ಅಂತ ಅನಿಸಿತು.”

ಝುಬೈದಾಳ ಮುಖ ಕೆಂಪಾಯಿತು. ಕಣ್ಣೊರೆಸಿಕೊಂಡು ಅವನ ಕಡೆ ನೇರವಾಗಿ ನೋಡಿದಳು.

“ದನಿ ಕೇಳಿ ಕೇಳಿ ಸಾಕಾಗಿದೆ ನನಗೆ. ಡ್ರಾಯರ್ ಎಳೆದು ಹಾಕುವ, ನಾಯಿಗೆ ಹೆದರುವ ಮನುಷ್ಯ ಬೇಕು. ನಿದ್ದೆ ಹೋದರೆ ಹೋಗಲಿ. ನಿಮ್ಮ ಉಸಿರು ಬೆರಳಿಗೆ ತಾಗಿದಾಗ ನನಗೆ ಎಷ್ಟು ಖುಷಿ ಆಗ್ತದೆ ಗೊತ್ತಾ? ಹೆದರಿಕೆ ನನಗೂ ಉಂಟು. ಒಬ್ಬೊಬ್ಬರೇ ಹೆದರುವುದು ಯಾಕೆ?”

ಶಫೀಕ್ ಅವಳನ್ನೇ ನೋಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಹಾಗೆ, ಅವಸರವಿಲ್ಲದೆ, ಹುಬ್ಬಿನಿಂದ ಗದ್ದದವರೆಗೆ ಓದುವ ಹಾಗೆ ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಕಿಸೆಯಿಂದ ಫೋನ್ ತೆಗೆದು ಸ್ಪೀಕರ್ ಹಾಕಿದ.

“ಜಾಬಿರ್, ಟಿಕೆಟ್ ಬೇಡ ಮಾರಾಯ.”

“ಎಂತ ಹೇಳ್ತಿ? ಗೋದಾಮಿನ ಧಣಿ ನಿನಗೋಸ್ಕರ ಕಾಯುವುದಿಲ್ಲ. ಬೇರೆಯವರನ್ನು ತೆಗೆದುಕೊಳ್ತಾನೆ.”

“ತೆಗೆದುಕೊಳ್ಳಲಿ.” ಅದು ಸುಲಭದ ಮಾತಲ್ಲವೆಂದು ಝುಬೈದಾಗೆ ಗೊತ್ತಿತ್ತು. ಫೋನಿಟ್ಟ ಮೇಲೆ ಅವನು ಕೇಳಿದ, “ನಿನ್ನ ಅಣ್ಣ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂರುವ ಜನ ಬೇಕು ಅಂತ ಹೇಳ್ತಿದ್ದನಲ್ಲ?”

“ಹೌದು. ಆದರೆ ಮೂಟೆ ಎತ್ತಿದಿರೋ, ನಾನು ಬಂದು ಬೈತೇನೆ.”

“ದಿನಾ ಬರ್ತೀಯಾ?”

“ಬೈಲಿಕ್ಕೆ ಮಾತ್ರ.” ಅವಳ ತುಟಿ ನಗು ತಡೆಯಲು ಹೆಣಗಿ ಸೋತಿತು.

ಹೊತ್ತು ಮುಳುಗುವ ಮುಂಚೆ ಎದ್ದರು. ಏಳುವಾಗ ಆಸರೆಗೆಂದು ಶಫೀಕ್ ಅವಳ ಕೈ ಹಿಡಿದ. ನಿಂತ ಮೇಲೂ ಬಿಡಲಿಲ್ಲ. ದಾರಿಯಲ್ಲಿ ಜನರಿದ್ದರು. ಝುಬೈದಾ ಮೆಲ್ಲಗೆ ಎಳೆದುಕೊಳ್ಳಲು ನೋಡಿದಳು. ಅವನು ಬೆರಳುಗಳ ನಡುವೆ ಬೆರಳು ಸೇರಿಸಿದ.

ತಿರುವಿನ ಮನೆಯ ಐಸಮ್ಮ ಜಗಲಿಯಲ್ಲಿ ಕುಳಿತು ಮೀನಿನ ಪಾತ್ರೆ ತಿಕ್ಕುತ್ತಿದ್ದವರು ತಲೆಯೆತ್ತಿದರು. “ಎಂತ ಶಫೀಕ್, ಆರಾಮಾ? ಪುನಃ ಯಾವಾಗ ಹೋಗುವುದು?”

ಅವನು ಬಾಯಿ ತೆರೆಯುವ ಮೊದಲೇ ಝುಬೈದಾ ಹೇಳಿದಳು, “ಕಳಿಸುವುದಿಲ್ಲ ಮಾಮಿ.”

ಐಸಮ್ಮನ ಕಣ್ಣು ಇಬ್ಬರ ಕೈಗಿಳಿಯಿತು. ಝುಬೈದಾಳ ಕಿವಿ ಬಿಸಿಯಾಯಿತು. ಆದರೂ ಅವಳು ಕೈ ಬಿಡಿಸಿಕೊಳ್ಳಲಿಲ್ಲ.