ಮೀನಿನ ಕೋಣೆಯಲ್ಲಿ ಮದ್ದು

ಬಾಗಿಲು ಧಡಾರನೆ ಮುಚ್ಚಿತು.

ಹೊರಗಿನಿಂದ ಅಗಳಿ ಬಿತ್ತು.

ಒಳಗೆ ನಾನು, ಕೊಕ್ಕೆಗೆ ನೇತುಹಾಕಿದ ಮೀನುಗಳು, ಮತ್ತು ಮೂಳೆ ಕೊರೆಯುವ ಚಳಿ... ಈ ಮೂವರಲ್ಲಿ ಉಸಿರಾಡುತ್ತಿದ್ದವನು ನಾನೊಬ್ಬನೇ!

"ಅಳಿಯಂದ್ರೇ!" ಎಂದು ಕೂಗಿದೆ. "ತಮಾಷೆ ಸಾಕು. ಬಾಗಿಲು ತೆಗೀರಿ!"

"ತೆಗೀತೀನಿ ಸಾರ್!" ದಪ್ಪ ಬಾಗಿಲಿನ ಆಚೆಯಿಂದ ದನಿ ಬಾವಿಯೊಳಗಿನದರಂತೆ ಕೇಳಿತು. "ಶಾಲೇಲಿ ಮಕ್ಕಳಿಗೆಲ್ಲ ಇಂಜೆಕ್ಷನ್ ಆಗ್ಹೋಗ್ಲಿ. ಆಮೇಲೆ ತೆಗೀತೀನಿ."

"ಅಷ್ಟೊತ್ತಿಗೆ ನಾನು ಕಲ್ಲಾಗಿರ್ತೀನಿ!"

"ಮೂಲೇಲಿ ಗೋಣಿಚೀಲ ಇದೆ ನೋಡಿ. ಹೊದ್ಕೊಳ್ಳಿ!"

ಹೆಜ್ಜೆಯ ಸಪ್ಪಳ ದೂರವಾಯಿತು. ಕೊಲ್ಲಲು ಹೊರಟವನು ಇಷ್ಟೊಂದು ಉಪಚಾರ ಮಾಡಿದರೆ ಬೈಯುವುದಾದರೂ ಹೇಗೆ, ನೀವೇ ಹೇಳಿ.

ನನ್ನ ಕಸುಬು ಸಲಹೆ ಕೊಡುವುದು. ಇವತ್ತು ಆಳುವವರು ಯಾರೆಂದು ಬೆಳಿಗ್ಗೆ ವಿಚಾರಿಸಿಕೊಂಡೇ ಮನೆಯಿಂದ ಹೊರಡಬೇಕಾದ ದೇಶಗಳಿವೆಯಲ್ಲ, ಅಂಥಲ್ಲಿಗೆ ಹೊರಗಿನ ನೆರವು ಬರುತ್ತದೆ. ಶಾಲೆಗೆ ಕರಿಹಲಗೆ, ಆಸ್ಪತ್ರೆಗೆ ಸೂಜಿ. ಅವು ಸೇರಬೇಕಾದಲ್ಲಿಗೆ ಸೇರುವಂತೆ ನೋಡಿಕೊಳ್ಳುವವನು ನಾನು. ಕಾಗದದಲ್ಲಿ ಸಲಹೆಗಾರ. ನೆಲದ ಮೇಲೆ ಓಡುವವ, ಬೈಸಿಕೊಳ್ಳುವವ... ಆ ದಿನ ಮೀನಿನ ನೆರೆಯವ.

ಆ ದೇಶವನ್ನು ಒಂದು ನದಿ ಎರಡು ಪಾಲು ಮಾಡಿತ್ತು. ಆಚೆ ದಡ ಸರ್ಕಾರದ್ದು. ಈಚೆ ದಡ ದೊಡ್ಡಮಾವನದು, ಆತನ ಬಂದೂಕಿನ ದಂಡಿನದು. ಊರಿಗೆಲ್ಲ ಆತ ಮಾವ. ಮಗಳನ್ನು ಕೊಟ್ಟಿದ್ದು ಮಾತ್ರ ಒಬ್ಬನಿಗೆ. ಆ ಒಬ್ಬನೇ ಈ ಐಸ್ ಫ್ಯಾಕ್ಟರಿಯ ಯಜಮಾನ, ಈಗಷ್ಟೇ ನನ್ನ ಮೇಲೆ ಅಗಳಿ ಹಾಕಿ ಹೋದ ಅಳಿಯ. ದೊಡ್ಡಮಾವನಿಗೂ ಸರ್ಕಾರಕ್ಕೂ ಕೆಟ್ಟಮೇಲೆ ಸೇತುವೆಗೆ ಅಡ್ಡಮರ ಬಿದ್ದಿತ್ತು. ಅದನ್ನು ಎತ್ತಿದರೆ ತಲೆ ತಗ್ಗಿಸಿದಂತೆ ಎಂದು ಎರಡೂ ಕಡೆಯವರು ತಿಳಿದಿದ್ದರು.

ಅಡ್ಡಮರಕ್ಕೆ ಹೆದರದೆ ಬಂದದ್ದು ಗಂಟಲಮಾರಿ ಒಂದೇ! ಮಕ್ಕಳ ಗಂಟಲಿನಲ್ಲಿ ಬಿಳಿಯ ಪೊರೆ ಕಟ್ಟುವ, ಉಸಿರು ನಿಲ್ಲಿಸುವ ಕಾಯಿಲೆ. ಅದಕ್ಕೆ ಲಸಿಕೆಯನ್ನು ನಾನು ಬೆಟ್ಟ ಸುತ್ತಿಸಿ ತರಿಸಿದ್ದೆ. ಈಚೆ ದಡದಲ್ಲಿ ಕರೆಂಟು ಇದ್ದದ್ದು ಐಸ್ ಫ್ಯಾಕ್ಟರಿಯಲ್ಲಿ ಮಾತ್ರ. "ತಣ್ಣಗಿಡಿ" ಎಂದು ಹೇಳಿ ತಂದವರು ಅಳಿಯನಿಗೆ ಒಪ್ಪಿಸಿದ್ದರು.

ಅಳಿಯ ತಣ್ಣಗಿಟ್ಟಿದ್ದ. ತನ್ನ ಬಳಿಯಿದ್ದ ಅತ್ಯಂತ ತಣ್ಣನೆಯ ಜಾಗದಲ್ಲಿ. ಮೀನಿನ ಕೋಣೆಯಲ್ಲಿ!

ನನ್ನ ಮೀಸೆಯ ಮೇಲೆ ಮಂಜು ಕೂತಿತು. ಪೆಟ್ಟಿಗೆಯಿಂದ ಇನ್ನೊಂದು ಸೀಸೆ ಎತ್ತಿದೆ. ಇದರೊಳಗಿನದೂ ಅಲುಗಲಿಲ್ಲ. ಗಟ್ಟಿ.

ಈ ಲಸಿಕೆಗೆ ತಂಪು ಬೇಕು, ಹೆಪ್ಪು ಕೂಡದು. ಒಮ್ಮೆ ಹೆಪ್ಪುಗಟ್ಟಿತೆಂದರೆ, ಕರಗಿದ ಮೇಲೆ ಅದು ನೋಡುವುದಕ್ಕಷ್ಟೇ ಔಷಧಿ. ಚುಚ್ಚಿದರೆ ಮಗುವಿಗೆ ಸಿಗುವುದು ನೋವು. ತಾಯಿಗೆ ಸಿಗುವುದು ಸುಳ್ಳು ಧೈರ್ಯ. ಅರ್ಧದಷ್ಟು ಪೆಟ್ಟಿಗೆಗಳು ಹಿಂದಿನ ದಿನವೇ ಶಾಲೆಗೆ ಹೋಗಿದ್ದವು. ಒಳಗೆ ಬಂದು ಮೊದಲ ಸೀಸೆ ಕಂಡೊಡನೆ ಅಳಿಯನಿಗೆ, "ಇದನ್ನು ನಿಮ್ಮ ಮಾವನಿಗೆ ಹೇಳಬೇಕಾಗುತ್ತದೆ" ಎಂದಿದ್ದೆ ನೋಡಿ... ಆಗ ಬಿದ್ದದ್ದು ಈ ಅಗಳಿ.

ಇಂಥ ಕೋಣೆಗಳಿಗೆ ಒಳಗಿನಿಂದ ಒತ್ತಿದರೆ ಅಗಳಿ ಜಾರುವ ಗುಂಡಿಯೊಂದು ಇರಬೇಕು. ಇತ್ತು. ಅದರ ಮುಂದೆ ಆಳೆತ್ತರಕ್ಕೆ ಮೀನಿನ ಬುಟ್ಟಿ ಪೇರಿಸಿದ್ದರು!

ಬುಟ್ಟಿಗಳನ್ನು ಎಳೆದು ಹಾಕಿದೆ. ಬೆರಳುಗಳು ನನ್ನವೋ ಪರರವೋ ತಿಳಿಯಲಿಲ್ಲ. ಸೀಸೆಯನ್ನು ಕಂಕುಳಿಗೆ ಸೇರಿಸಿದೆ. ಮೊಣಕೈಯಿಂದ ಗುಂಡಿ ಒತ್ತಿದೆ.

ಬಾಗಿಲು ತೆರೆಯಿತು. ಎದುರಿಗೆ ಕಾವಲುಗಾರ. ಕೈಯಲ್ಲಿ ಬಂದೂಕು.

ನನ್ನ ಕೈಯಲ್ಲಿ ಮೀನು.

ಕಲ್ಲಿನಷ್ಟು ಗಟ್ಟಿಯಾಗಿದ್ದ ಮೊಳದುದ್ದದ ಮೀನು. ಅವನು ಕಣ್ಣು ಪಿಳುಕಿಸುವುದರೊಳಗೆ ಮುಂಗೈ ಮೇಲೆ ಬಿತ್ತು. ಬಂದೂಕು ನೆಲಕ್ಕೆ! ಅದನ್ನು ಒದ್ದು ಚರಂಡಿಗೆ ತಳ್ಳಿ ಓಡಿದೆ.

ಜೀಪಿನಲ್ಲಿ ನನ್ನ ಡ್ರೈವರ್ ಹಲ್ಲುಕಡ್ಡಿ ಹಾಕಿಕೊಂಡು ಕೂತಿದ್ದ.

"ಇದೇನ್ ಸಾರ್, ಮೀಸೆ ಬೆಳ್ಳಗಾಗಿದೆ? ಒಳಗೋಗಿ ಬರೋದ್ರಲ್ಲಿ ಅಜ್ಜ ಆಗ್ಬಿಟ್ರಾ?"

"ಗಾಡಿ ತೆಗಿ! ಶಾಲೆಗೆ!"

"ಹಿಂದೆ ಯಾರೋ ಬರ್ತಿದಾರೆ."

"ಅದಕ್ಕೇ ಕಣಯ್ಯ ಹೇಳಿದ್ದು, ತೆಗಿ!"

ಅಳಿಯನ ಮೀನಿನ ವ್ಯಾನು ಹಾರ್ನ್ ಬಡಿಯುತ್ತ ಬೆನ್ನು ಹತ್ತಿತು. ನಾನು ಸೀಟಿನಡಿಯಿಂದ ನನ್ನ ಕೈಪೆಟ್ಟಿಗೆ ಎಳೆದುಕೊಂಡೆ. ನರ್ಸುಗಳಿಗೆ ತೋರಿಸಲೆಂದು ಅದೇ ಲಸಿಕೆಯ ಒಂದು ಸೀಸೆಯನ್ನು ಅದರಲ್ಲಿ ತಂಪಾಗಿ ಇಟ್ಟುಕೊಂಡಿದ್ದೆ. ಈಚೆ ದಡದಲ್ಲಿ ಕೆಡದೆ ಉಳಿದ ಒಂದೇ ಸೀಸೆ! ಒಳ್ಳೆಯದು ತೊಡೆಯ ಮೇಲೆ ತಣ್ಣಗೆ, ಕೆಟ್ಟದ್ದು ಕಂಕುಳಲ್ಲಿ ಬೆಚ್ಚಗೆ... ಲೋಕದ ರೀತಿಯೂ ಹೆಚ್ಚುಕಡಿಮೆ ಹೀಗೆಯೇ.

ಡ್ರೈವರ್ ಮರದ ಹಲಗೆ ಮಾರುವ ಅಡ್ಡೆಯೊಳಗೆ ನುಗ್ಗಿದ. ಹಲಗೆಗಳು ಎರಡೂ ಕಡೆ ಉದುರಿದವು. ಸೈಕಲ್ ರಿಪೇರಿಯವನು ತನ್ನ ಪಂಪನ್ನು ಎತ್ತಿಕೊಂಡು ಗೋಡೆ ಹತ್ತಿದ. ಹಿಂದಿನಿಂದ ಢಂ ಎಂದಿತು. ಕನ್ನಡಿ ಚೂರು.

"ಬ್ರೇಕ್ ಹಾಕೋ! ಮುಂದೆ ಗುಂಡಿ!"

"ಬ್ರೇಕ್ ಇದ್ರೆ ಹಾಕ್ತಿದ್ದೆ ಸಾರ್! ಹೊಸದು ಕೊಡಿಸೋಣ ಅಂತ ಹೋದ್ವರ್ಷ ನೀವೇ ಸಲಹೆ ಕೊಟ್ಟಿದ್ರಲ್ಲ!"

ಗುಂಡಿಗೆ ಬಿದ್ದೆವು, ಎದ್ದೆವು. ವ್ಯಾನು ಬಿತ್ತು, ತಡವಾಗಿ ಎದ್ದಿತು. ಅಷ್ಟು ಸಾಕಾಯಿತು.

ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಯಂದಿರು, ಸೊಂಟದ ಮೇಲೆ ಕೂಸುಗಳು, ತೋಳು ಮಡಚಿಕೊಂಡು ಸಾಲಿನಲ್ಲಿ ನಿಂತ ಮಕ್ಕಳು. ನರ್ಸು ಮೊದಲ ಸೂಜಿಗೆ ಔಷಧಿ ಎಳೆಯುತ್ತಿದ್ದಳು.

"ನಿಲ್ಸಿ!"

ನರ್ಸಿನ ಸೂಜಿ ಅರ್ಧದಲ್ಲೇ ನಿಂತಿತು.

ಹೆಡ್ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಂಡಸರ ಸದ್ದನ್ನು ಒಂದು ಹುಬ್ಬಿನಲ್ಲಿ ಅಡಗಿಸಬಲ್ಲ ಹೆಂಗಸು. "ಬನ್ನಿ ಸಲಹೆಗಾರರೇ. ಮೀನಿನ ವ್ಯಾಪಾರ ಯಾವಾಗ ಶುರು ಮಾಡಿದ್ರಿ? ವಾಸನೆ ಗೇಟಿನವರೆಗೆ ಬರ್ತಿದೆ."

"ಮೇಡಂ, ಈ ಔಷಧಿ..."

"ಒಳಗೆ ಮಾತಾಡೋಣ." ಅದು ದೊಡ್ಡಮಾವನ ದನಿ. ಮೆತ್ತಗಿನ ದನಿ. ಗಟ್ಟಿಯಾಗಿ ಮಾತಾಡುವ ಅಗತ್ಯ ಆತನಿಗೆ ಎಂದೂ ಬಿದ್ದಿರಲಿಲ್ಲ.

ಹೆಡ್ಮೇಡಂ ಕೋಣೆ. ಒಂದು ಮೇಜು, ಗ್ಲೋಬು, ಸೀಮೆಸುಣ್ಣದ ಡಬ್ಬಿ. ಹೆಡ್ಮೇಡಂ ಕುರ್ಚಿಯಲ್ಲಿ ದೊಡ್ಡಮಾವ ಕೂತ. ಹೆಡ್ಮೇಡಂ ನಿಂತರು, ಆದರೆ ಕುರ್ಚಿ ತಮ್ಮದೆಂಬುದನ್ನು ಮರೆಯದವರ ಹಾಗೆ ನಿಂತರು. ಅಷ್ಟರಲ್ಲಿ ಅಳಿಯ ಏದುಸಿರು ಬಿಡುತ್ತ ಬಂದು ಪಿಸ್ತೂಲನ್ನು ನನ್ನ ಪಕ್ಕೆಗೆ ಒತ್ತಿದ.

"ಮಾವ, ಈತನ ಮಾತು ನಂಬ್ಬೇಡಿ! ಔಷಧಿ ಚೆನ್ನಾಗಿದೆ!"

"ಹೆಪ್ಪುಗಟ್ಟಿ ಕೆಟ್ಟಿದೆ," ಎಂದೆ.

"ಸುಳ್ಳು! ಹೆಪ್ಪುಗಟ್ಟೇ ಇಲ್ಲ!"

ದೊಡ್ಡಮಾವ ನನ್ನ ಕಡೆ ತಿರುಗಿದ. "ತೋರಿಸ್ತೀರಾ?"

"ತೋರಿಸ್ತೀನಿ. ತೋರಿಸೋವರೆಗೆ ಇವರ ಬೆರಳು ಸುಮ್ಮನಿದ್ದರೆ."

ಮೇಜಿನ ಮೇಲೆ ಸೀಸೆಗಳನ್ನು ಸಾಲಾಗಿ ಇಟ್ಟೆ. ನನ್ನ ಕೈಪೆಟ್ಟಿಗೆಯದು, ಹೆಪ್ಪುಗಟ್ಟದ್ದು. ಕಂಕುಳಲ್ಲಿ ಕರಗಿದ್ದು, ಹೆಪ್ಪುಗಟ್ಟಿದ್ದನ್ನು ಕಣ್ಣಾರೆ ಕಂಡದ್ದು. ಕೊನೆಯದು, ಅಂಗಳದಲ್ಲಿ ಮಕ್ಕಳಿಗೆ ಚುಚ್ಚಲು ಇಟ್ಟಿದ್ದು.

"ಮೂರನ್ನೂ ಒಟ್ಟಿಗೆ ಕುಲುಕಿ ಇಡ್ತೀನಿ. ಸರಿಯಿದ್ದದ್ದು ಬೆಳ್ಳಗೆ ಕದಡಿಕೊಂಡೇ ಇರುತ್ತೆ. ಹೆಪ್ಪುಗಟ್ಟಿದ್ದರ ಗಸಿ ಬೇಗ ತಳಕ್ಕಿಳಿಯುತ್ತೆ. ಅಂಗಳದ ಸೀಸೆ ಯಾರ ಜಾತಿ ಅಂತ ಅದೇ ಹೇಳ್ಲಿ."

ಕುಲುಕಿದೆ. ಇಟ್ಟೆ.

ಗುಂಡು ಹಾರುವ ಜಾಗಗಳಲ್ಲಿ ನಾನು ಬಹಳ ಕಾಯ್ದಿದ್ದೇನೆ. ಆದರೆ ಬೆರಳುದ್ದದ ಸೀಸೆಯ ತಳವನ್ನು ನೋಡುತ್ತ, ಪಕ್ಕೆಯಲ್ಲಿ ಪಿಸ್ತೂಲು ಇರಿಸಿಕೊಂಡು ಕಾಯ್ದದ್ದು ಅದೇ ಮೊದಲು. ಹೊರಗೆ ಕೂಸೊಂದು ಅತ್ತಿತು. ಅಳಿಯನ ಬೆವರು ನನ್ನ ಹೆಗಲ ಮೇಲೆ ಹನಿಯಿತು. ಆ ಹೊತ್ತಿನಲ್ಲಿ ಅದೂ ಬೆಚ್ಚಗೆ ಹಿತವಾಗಿತ್ತು ಎನ್ನಿ!

ಕಂಕುಳಿನ ಸೀಸೆಯಲ್ಲಿ ಚೂರುಗಳು ಇಳಿಯತೊಡಗಿದವು. ಮೇಲೆ ತಿಳಿನೀರು.

ಅಂಗಳದ ಸೀಸೆಯಲ್ಲಿ... ಚೂರುಗಳು. ಮೇಲೆ ತಿಳಿನೀರು!

ನನ್ನ ಕೈಪೆಟ್ಟಿಗೆಯದು ಮಾತ್ರ ಹಾಲು ಬೆರೆಸಿದ ನೀರಿನಂತೆ ಕದಡಿಕೊಂಡೇ ನಿಂತಿತ್ತು.

ದೊಡ್ಡಮಾವ ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಅಳಿಯಂದಿರೇ." ಆ ಗೌರವದ ಕರೆ ಪಿಸ್ತೂಲಿಗಿಂತ ತಣ್ಣಗಿತ್ತು. "ನನ್ನ ಹೆಸರಲ್ಲಿ ನೀರು ಚುಚ್ಚಿಸೋಕೆ ಹೊರಟಿದ್ರಾ?"

ಪಿಸ್ತೂಲು ಕೆಳಗಿಳಿಯಿತು. ಅಳಿಯನ ಮುಖ ಅತ್ತ ಮಗುವಿನಂತಾಯಿತು.

"ಮಾವ... ತಣ್ಣಗಿಡಿ ಅಂದ್ರು. ನಾನು ಒಳ್ಳೆ ಮೀನನ್ನೇ ಹೊರಗೆ ಹಾಕಿ ಜಾಗ ಮಾಡ್ದೆ! ಹೊರಗೆ ಹಾಕಿದ್ದೆಲ್ಲ ಕೊಳೆತು ಹೋಯ್ತು. ಮಕ್ಕಳದಲ್ವಾ ಅಂತ... ಇನ್ನೂ ತಣ್ಣಗಿದ್ರೆ ಇನ್ನೂ ಒಳ್ಳೇದು ಅಂದ್ಕೊಂಡೆ. ಇವತ್ತು ಬೆಳಿಗ್ಗೆ ಈ ಸಾರ್ ಹೇಳಿದ ಮೇಲೇ ಗೊತ್ತಾಗಿದ್ದು. ನಿಮ್ಮ ಮುಂದೆ ಹ್ಯಾಗೆ ನಿಂತ್ಕೊಳ್ಳಿ?"

ಅವನು ಕೇಡಿಗನಲ್ಲ, ನೋಡಿ. ಮಾವನಿಗೆ ಹೆದರಿದ ಅಳಿಯ. ಎರಡನೆಯ ಜಾತಿಯೇ ಹೆಚ್ಚು ಅಪಾಯಕಾರಿ.

ದೊಡ್ಡಮಾವ ಕಿಟಕಿಯ ಆಚೆಯ ಗುಂಪನ್ನು ನೋಡಿದ.

"ಇದನ್ನೇ ಚುಚ್ಚಿದ್ರೆ ಯಾರಾದ್ರೂ ಸಾಯ್ತಾರಾ?"

"ಇದರಿಂದ ಸಾಯಲ್ಲ."

"ಹಾಗಾದ್ರೆ..."

"ಗಂಟಲಮಾರಿಯಿಂದ ಸಾಯ್ತಾರೆ. ಇಂಜೆಕ್ಷನ್ ಆಗಿದೆ ಅಂತ ನಂಬ್ಕೊಂಡು, ಡಾಕ್ಟರ ಹತ್ರ ತಡವಾಗಿ ಬಂದು."

"ಬೇರೆ ಔಷಧಿ?"

"ಆಚೆ ದಡದ ಸರ್ಕಾರಿ ಆಸ್ಪತ್ರೇಲಿದೆ. ಬೇಕಾದಷ್ಟಿದೆ. ಬೆಟ್ಟ ಸುತ್ತಿ ತರೋಷ್ಟು ಕಾಲ ಇಲ್ಲ. ಸೇತುವೆ ತೆಗೀರಿ."

ಕೋಣೆಯಲ್ಲಿ ಮತ್ತೆ ಮೀನಿನ ಕೋಣೆಯ ಚಳಿ.

"ಸಲಹೆಗಾರರೇ," ದೊಡ್ಡಮಾವ ಇನ್ನೂ ಮೆತ್ತಗಾದ. "ಆ ಅಡ್ಡಮರ ನಾನು ಹಾಕ್ಸಿದ್ದು. ಮೊದಲು ನಾನೇ ಎತ್ತಿದ್ರೆ ಸೋತೆ ಅಂತಾರೆ. ಇದನ್ನೇ ಚುಚ್ಚಿ. ನೀವು ಇಲ್ಲಿಗೆ ಬಂದಿಲ್ಲ, ಏನೂ ನೋಡಿಲ್ಲ. ಇಲ್ಲಾಂದ್ರೆ ನಿಮ್ಮನ್ನ ಮೀನಿನ ಜೊತೆ ಮತ್ತೆ ಕೂಡಿಹಾಕೋದು ನನಗೆ ಕಷ್ಟ ಅಲ್ಲ. ಈ ಸಲ ಗೋಣಿಚೀಲನೂ ಇರಲ್ಲ."

ನಾನು ಬಾಯಿ ತೆರೆಯುವ ಮೊದಲು ಹೆಡ್ಮೇಡಂ ಮಾತಾಡಿದರು.

"ಮೂರನೇ ಕ್ಲಾಸಿನ ಮುಂದಿನ ಬೆಂಚಲ್ಲಿ ಒಂದು ಜಾಗ ಖಾಲಿ ಇದೆ. ಮಕ್ಕಳು ಅಲ್ಲಿ ಕೂರಲ್ಲ. ನಾನೂ ಕೂರಿಸಲ್ಲ. ಅದರ ಪಕ್ಕ ಇನ್ನೊಂದು ಜಾಗ ಖಾಲಿಯಾದ್ರೆ ಈ ಶಾಲೆ ಬೀಗ ನೀವೇ ಇಟ್ಕೊಳ್ಳಿ, ದೊಡ್ಡಮಾವ."

ಇಷ್ಟು ಹೇಳಿ ಅವರು ಸರಸರನೆ ಹೊರಗೆ ನಡೆದರು. ಮೆಟ್ಟಿಲ ಮೇಲೆ ನಿಂತರು. ಇಡೀ ಶಾಲೆಗೆ ಪಾಠ ಹೇಳಿದ ಗಂಟಲು ಅದು, ನದಿಯ ಆಚೆಗೂ ಮುಟ್ಟಿರಬೇಕು!

"ಕೇಳಿರಮ್ಮಾ! ಈ ಔಷಧಿ ದಾರೀಲಿ ಕೆಟ್ಟಿದೆಯಂತೆ. ದೊಡ್ಡಮಾವ ನಮ್ಮ ಮಕ್ಕಳಿಗೆ ಕೆಟ್ಟದ್ದು ಮುಟ್ಟಿಸಲ್ಲ ಅಂದ್ರು! ಹೊಸದು ತರಿಸೋಕೆ ಇವತ್ತು ತಾವೇ ಸೇತುವೆ ತೆಗೆಸ್ತಾರಂತೆ! ಇಂಥ ಹಿರೀರು ಯಾವ ಊರಿಗಿದಾರೆ ಹೇಳಿ?"

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಅಂಗಳ ಭೋರ್ಗರೆಯಿತು. ಒಬ್ಬ ಮುದುಕಿ ಕಿಟಕಿಗೆ ಬಂದು ಸರಳಿನೊಳಗೆ ಕೈ ತೂರಿಸಿ ದೊಡ್ಡಮಾವನ ಗಲ್ಲ ಹಿಡಿದಳು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ!"

ತನ್ನ ಗಲ್ಲ ಇನ್ನೊಬ್ಬರ ಕೈಯಲ್ಲಿರುವಾಗ ಯಾವ ದಂಡನಾಯಕನೂ ಇಲ್ಲ ಎನ್ನಲಾರ.

ಮುದುಕಿ ಹೋದ ಮೇಲೆ ದೊಡ್ಡಮಾವ ನನ್ನತ್ತ ತಿರುಗಿದ. "ಇದು ನಿಮ್ಮ ಸಲಹೆನಾ?"

"ಅಲ್ಲ. ನನ್ನ ಸಲಹೆಗಳು ಇಷ್ಟು ಚೆನ್ನಾಗಿರಲ್ಲ."

ಆತ ನಕ್ಕನೋ ಹಲ್ಲು ಕಡಿದನೋ ತಿಳಿಯಲಿಲ್ಲ. "ಅಳಿಯಂದಿರು ಹೋಗ್ತಾರೆ. ಪೆಟ್ಟಿಗೆ ತೊಡೆ ಮೇಲೆ ಇಟ್ಕೊಂಡು. ಈ ಸಲ ಕೆಟ್ಟರೆ ಆಚೆ ದಡದಲ್ಲೇ ಮನೆ ಮಾಡ್ಲಿ."

ಅಡ್ಡಮರ ಎತ್ತಲು ನಾಲ್ಕು ಜನ ಬೇಕಾಯಿತು. ತುಕ್ಕು! ಅಳಿಯನನ್ನು ಕೂರಿಸಿಕೊಂಡು ನಮ್ಮ ಜೀಪು ಹೊರಟಿತು. ಸೇತುವೆಯ ಆ ತುದಿಯಲ್ಲಿ ಸರ್ಕಾರದ ಬಂದೂಕುಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು. ಅಳಿಯ ನನ್ನ ಕಡೆ ಒತ್ತಿಕೊಂಡ.

"ಸಾರ್, ಈಗೇನ್ ಮಾಡ್ಲಿ?"

"ಪೆಟ್ಟಿಗೆ ಎತ್ತಿ ಹಿಡೀರಿ. ಮೇಲೆ ಆಸ್ಪತ್ರೆ ಗುರುತಿದೆ."

ಎತ್ತಿ ಹಿಡಿದ. ಯಾರೂ ಸುಡಲಿಲ್ಲ. ಆಚೆಯ ಡಾಕ್ಟರಮ್ಮ ಮರುಮಾತಿಲ್ಲದೆ ಔಷಧಿ ಕೊಟ್ಟರು. ಗಂಟಲಮಾರಿ ಮುಂದೆ ಯಾವ ದಡ ಹತ್ತುವುದೆಂದು ಅವರಿಗೆ ತಿಳಿದಿತ್ತು. ಮರಳುವಾಗ ಅಳಿಯ ಪೆಟ್ಟಿಗೆಯನ್ನು ಎದೆಗೆ ಅಡ್ಡವಾಗಿ ಅಪ್ಪಿಕೊಂಡಿದ್ದ.

"ಹಾಗಲ್ಲ. ತಲೆ ಮೇಲೆ ಎತ್ತಿ," ಎಂದೆ.

"ಗುಂಡು ಎದೆಗೇ ಬೀಳುತ್ತಲ್ಲ ಸಾರ್!"

"ಬೀಳ್ಲಿ. ಔಷಧಿಗೆ ತಗಲಬಾರದು."

ಡ್ರೈವರ್ ಸ್ಟಿಯರಿಂಗಿಗೆ ಹಣೆ ಹಚ್ಚಿ ನಕ್ಕ. ಬ್ರೇಕಿಲ್ಲದ ಜೀಪು ಹಾಗೆಯೇ ಈಚೆ ದಡ ಮುಟ್ಟಿತು.

ಹೊತ್ತು ಮುಳುಗುವ ಮೊದಲು ಸಾಲು ಮುಗಿಯಿತು. ಕಡೆಯ ಮಗು ಅತ್ತು, ತಾಯಿಯ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮನೆಗೆ ಹೊರಟಿತು. ಹೆಡ್ಮೇಡಂ ತಮ್ಮ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು.

ದೊಡ್ಡಮಾವ ಗೇಟಿನ ಬಳಿ ನನಗಾಗಿ ಕಾಯುತ್ತಿದ್ದ.

"ಮುಗೀತಲ್ಲ? ನಾಳೆ ಅಡ್ಡಮರ ಹಾಕಿಸ್ತೀನಿ."

"ಮುಗಿದಿಲ್ಲ ದೊಡ್ಡಮಾವ. ಇದು ಮೊದಲನೇದು. ಮುಂದಿನ ತಿಂಗಳು ಒಂದು. ಅದರ ಮುಂದಿನ ತಿಂಗಳು ಇನ್ನೊಂದು. ಆಗ್ಲೇ ಔಷಧಿ ಹಿಡಿಯೋದು."

ಆತ ಹೋಗುತ್ತಿದ್ದ ತಾಯಂದಿರನ್ನು ನೋಡಿದ. ಒಬ್ಬೊಬ್ಬರೂ ದಾಟುವಾಗ ಆತನಿಗೆ ಕೈಮುಗಿದು ದಾಟುತ್ತಿದ್ದರು. ಇಷ್ಟು ಕೈಗಳು ಹೆದರದೆ ಮುಗಿದದ್ದನ್ನು ಆತ ಬಹುಶಃ ಹಿಂದೆ ಕಂಡಿರಲಿಲ್ಲ. ಗುಂಡಿನ ಪಟ್ಟಿಯನ್ನು ಹೆಗಲಿಂದ ಹೆಗಲಿಗೆ ಬದಲಿಸಿಕೊಂಡು ನಿಟ್ಟುಸಿರು ಬಿಟ್ಟ.

"ಏನ್ರೀ ನಿಮ್ಮ ಕಸುಬು! ಒಂದು ಕೂಸಿಗೆ ಮೂರು ಮೂರು ಸಲ ಚುಚ್ಚಬೇಕಾ? ನಮ್ಮದಾದ್ರೆ ಒಂದೇ ಗುಂಡು, ಒಂದೇ ಸಲ, ಕೆಲಸ ಮುಗೀತು!"

"ಅದಕ್ಕೇ ದೊಡ್ಡಮಾವ," ಎಂದೆ, ಜೀಪು ಹತ್ತುತ್ತ, "ನಿಮ್ಮ ಕಸುಬಿಗೆ ಯಾರೂ ಸಲಹೆಗಾರರನ್ನ ಕಳಿಸೋದಿಲ್ಲ."