ವಾಡಿಗೆ ಹೋದ ಫೈನಲ್

ಫೈನಲ್ ದಿನ ಬೆಳಗ್ಗೆ ಅಂಗಳ ಗುಡಿಸಲು ಬಂದ ಸಾಬಮ್ಮ ಪೂರ್ವದ ಕಂಬದ ಹತ್ತಿರ ಕಸಬರಿಗೆ ಹಿಡಿದು ನಿಂತೇ ಬಿಟ್ಟಳು. ಬಾಸ್ಕೆಟ್‌ಬಾಲ್ ರಿಂಗಿನ ಕೆಳಗೆ ಹಾಸಿದ್ದ ಕಲ್ಲುಗಳಿರಲಿಲ್ಲ. ಹಿಂದಿನ ಸಂಜೆ ಸೆಮಿಫೈನಲ್ ಮುಗಿಯುವತನಕ ಹುಡುಗರು ಹಾರಿ ಹಾರಿ ಇಳಿದಿದ್ದ ಜಾಗದಲ್ಲಿ ಈಗ ಎತ್ತಿನ ಬಂಡಿ ನಿಲ್ಲುವಷ್ಟು ಅಗಲದ ಹಸಿ ಮಣ್ಣು.

ಅದು ೧೯೭೩ರ ಜನವರಿ. ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರೇ ಇತ್ತು. ಶಹಾಬಾದದ ಕಾಗಿಣಾ ಕಾಲೇಜು ಎಂದರೆ ನಾಲ್ಕು ಕೋಣೆ, ಒಂದು ಬೇವಿನ ಮರ, ಒಂದು ಆಟದಂಗಳ. ಅಂಥ ಕಾಲೇಜಿಗೆ ಆ ವರ್ಷ ದೇಶದ ಸಣ್ಣ ಕಾಲೇಜುಗಳ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ ಬಂದಿತ್ತು. ಧರ್ಮಶಾಲೆಯಲ್ಲಿ ಇಳಿದ ಪಂಜಾಬಿನ ಹುಡುಗರು ಜೋಳದ ರೊಟ್ಟಿ ಮುರಿದು ತಿನ್ನುವುದನ್ನು ಕಲಿತರು. ಕೇರಳದವರು ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣೊರೆಸಿಕೊಂಡರು. ಮಂಡಕ್ಕಿಯ ಸುಸಲಾ, ಮಿರ್ಚಿ ಮಾರುವ ಅಂಗಡಿಗಳಲ್ಲಿ ಕಲ್ಲಿನ ಕ್ವಾರಿಯ ಆಳುಗಳೂ ಪಾಸು, ಫೌಲು ಎಂದು ಜಗಳಾಡುತ್ತಿದ್ದರು. ಆ ವಾರ ನೋಡಿದವರು ಈಗಲೂ ಮೊದಲು ನೆನೆಯುವುದು ಆ ಅಂಗಳವನ್ನೇ. ಊರಿನ ಚಪ್ಪಟೆ ಫರಸಿ ಕಲ್ಲನ್ನು ಹುಡುಗರೇ ಹೊತ್ತು ತಂದು, ಬೇಸಿಗೆ ರಜೆಯಿಡೀ ಕೂತು ಹಾಸಿದ ಅಂಗಳ. ಅದರ ಮೇಲೆ ಹಳದಿ ಎಣ್ಣೆಬಣ್ಣದ ಗೆರೆಗಳು. ಚೆಂಡು ಪುಟಿದರೆ ಸದ್ದು ಸ್ಟೇಷನ್ನಿನತನಕ ಕೇಳುತ್ತಿತ್ತು.

ಪ್ರಿನ್ಸಿಪಾಲ್ ರಾಘವೇಂದ್ರರಾಯರು ಧರ್ಮಣ್ಣನನ್ನು ಕರೆಸಿದರು. ಧರ್ಮಣ್ಣ ರೈಲ್ವೆ ಪೊಲೀಸಿನ ನಿವೃತ್ತ ಜಮೇದಾರ. ನೌಕರಿಯೆಲ್ಲ ವಾಡಿ ಜಂಕ್ಷನ್ನಿನಲ್ಲಿ ಕಳೆದು, ಈಗ ಶಹಾಬಾದದಲ್ಲಿ ಮಗಳ ಮನೆಯ ಹತ್ತಿರ ಇದ್ದ.

“ಪೊಲೀಸರನ್ನ ಕರದ್ರ ಸಂಜೀತನಕ ಪಂಚನಾಮಾನೇ ಆಗ್ತದ,” ಎಂದರು ರಾಯರು. “ನೀವೇ ನೋಡ್ರಿ.”

ನೋಡುವುದಕ್ಕೆ ಕಾರಣ ಬಲವಾಗಿತ್ತು. ಫೈನಲ್ ಇದ್ದದ್ದು ಕಾಗಿಣಾ ಕಾಲೇಜಿಗೂ ವರ್ಧಾದಿಂದ ಬಂದ ತಂಡಕ್ಕೂ. ವರ್ಧಾದ ಹುಡುಗರು ಮಣ್ಣಿನ ಅಂಗಳದಲ್ಲಿ ಆಡಿ ಬೆಳೆದವರು. ಕಲ್ಲಿನ ಮೇಲೆ ಎರಡು ಸಲ ಜಾರಿ ಬಿದ್ದಿದ್ದರು. ಕಲ್ಲು ಕಿತ್ತವರು ಅವರೇ ಎಂದು ಊರಿನವರು, ತಪ್ಪು ತಮ್ಮ ಮೇಲೆ ಹಾಕಲು ಊರಿನವರೇ ಕಿತ್ತಿದ್ದಾರೆ ಎಂದು ಅವರು. ದಿಲ್ಲಿಯಿಂದ ಬಂದಿದ್ದ ಸಮಿತಿಯ ಅಧಿಕಾರಿ ಎರಡೇ ಮಾತು ಹೇಳಿದ್ದರು. ಆಟ ಎಲ್ಲಾದರೂ ನಡೆಯಲಿ. ಆದರೆ ಇದನ್ನು ಮಾಡಿದವರು ಯಾರೆಂದು ಗೊತ್ತಾಗದೆ ಕಪ್ ಯಾರ ಕೈಗೂ ಹೋಗುವುದಿಲ್ಲ.

ಕಿತ್ತ ಕಲ್ಲುಗಳು ಸಿಗಲು ತಡವಾಗಲಿಲ್ಲ. ಆಟದ ಸಾಮಾನಿನ ಕೋಣೆಯ ಹಿಂದೆ, ಗೋಡೆಗೆ ಸಾಲಾಗಿ ಆನಿಸಿ ನಿಲ್ಲಿಸಿದ್ದವು. ಆದರೆ ಕೆಳಗಿನ ಗಚ್ಚು ಒಡೆದು, ಕಲ್ಲು ಸಡಿಲಿಸಲು ಹೊಯ್ದ ನೀರು ಕುಡಿದಿತ್ತು. ಅಂದೇ ಹಾಸಿ ಅಂದೇ ಆಡುವ ಮಾತಿರಲಿಲ್ಲ. ಧರ್ಮಣ್ಣ ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಗೋಣಿತಟ್ಟು ಮಡಚಿ ಇಟ್ಟಿತ್ತು.

ಊರಿನವರ ಬಾಯಲ್ಲಿ ಆಗಲೇ ಇನ್ನೊಂದು ಹೆಸರು ಓಡಾಡುತ್ತಿತ್ತು—ಕಾಶಪ್ಪ. ಕ್ವಾರಿಯಲ್ಲಿ ಕಲ್ಲು ಹಾಸುವವನ ಮಗ, ತಂಡದ ಎತ್ತರದ ಆಟಗಾರ. ಸೆಮಿಫೈನಲ್‌ಗೆ ಮುಂಚೆ ಆಟ ಕಲಿಸುವ ಮಾಸ್ತರರು ಅವನನ್ನು ಕೈಬಿಟ್ಟಿದ್ದರು. ಸಿಟ್ಟಿಗೆ ಅವನೇ ಮಾಡಿದ್ದಾನೆ ಎಂದು ಹೋಟೆಲಿನಲ್ಲಿ ಮಾತು. ಧರ್ಮಣ್ಣ ಹೋದಾಗ ಅವನು ಬೇವಿನ ಕೆಳಗೆ ಒಬ್ಬನೇ ಕೂತಿದ್ದ. ಹತ್ತಿರ ಯಾರೂ ಇರಲಿಲ್ಲ.

“ನಿನ್ನಿ ಸಂಜೀಕ ಎಲ್ಲಿದ್ದಿ?”

“ಮನ್ಯಾಗ್ರಿ.”

“ಯಾರರ ನೋಡ್ಯಾರ?”

“ಯಾರ ನೋಡಬೇಕ್ರಿ? ಊರೇ ಮೆರವಣಿಗ್ಯಾಗ ಇತ್ತು. ನಂಗ ಹೋಗೂ ಮನಸಿರಲಿಲ್ಲ.”

ಅದು ನಿಜ. ಸೆಮಿಫೈನಲ್ ಗೆದ್ದ ಖುಷಿಗೆ ಹಲಗೆ ಬಾರಿಸುತ್ತ ಊರೆಲ್ಲ ಸ್ಟೇಷನ್ ರಸ್ತೆಗೆ ಹರಿದಿತ್ತು. ವರ್ಧಾದ ಹುಡುಗರೂ ಮೆರವಣಿಗೆ ನೋಡಲು ಧರ್ಮಶಾಲೆಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು. ಅವರಿಗೆ ಚಹಾ ಕೊಟ್ಟವನೇ ಅದನ್ನು ಹೇಳಿದ. ಆ ಹೊತ್ತಿನಲ್ಲಿ ಕಾಲೇಜು ಖಾಲಿ.

ತಂಡದ ಕ್ಯಾಪ್ಟನ್ ಶಿವರಾಯನನ್ನು ಕೇಳಿದಾಗ ಅವನು ಕಾಶಪ್ಪನ ಪರ ನಿಂತ. ಕಾಶಪ್ಪನಿಗೆ ಮೊಣಕಾಲು ಬಾತಿತ್ತು, ಅದಕ್ಕೇ ಮಾಸ್ತರರು ಕೂರಿಸಿದ್ದು, ಸಿಟ್ಟೇನೂ ಇಲ್ಲ ಎಂದ. ಮೆರವಣಿಗೆಯಲ್ಲಿ ತಂಡದವರೆಲ್ಲ ಇದ್ದರು. ಮಾಸ್ತರರನ್ನು ಹೆಗಲ ಮೇಲೆ ಹೊರಬೇಕೆಂದು ಹುಡುಕಿದರು, ಸಿಗಲಿಲ್ಲ. ತಲೆನೋವೆಂದು ಮನೆಗೆ ಹೋಗಿದ್ದರಂತೆ.

ಮಾಸ್ತರರು ಎಂದರೆ ಅಮೃತಪ್ಪ, ಕಾಲೇಜಿನ ವ್ಯಾಯಾಮ ಶಿಕ್ಷಕರು. ಈ ತಂಡ ಅವರದೇ ಸೃಷ್ಟಿ. ಅವರು ಕಿತ್ತ ಅಂಗಳದ ಅಂಚಿನಲ್ಲಿ, ಸದಾ ತೊಡುವ ನೀಲಿ ಪ್ಯಾಂಟಿನಲ್ಲಿ ಸುಮ್ಮನೆ ನಿಂತಿದ್ದರು. ಪ್ಯಾಂಟಿನ ತುದಿಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ. ಆಟದ ಮಾಸ್ತರರ ಬಟ್ಟೆ ಹಾಗೇ ಇರುತ್ತದೆ ಎಂದುಕೊಂಡು ಧರ್ಮಣ್ಣ ಮುಂದೆ ನಡೆದ. ಕಲ್ಲಿನ ಅಂಗಳ ಅವರ ತಂಡದ ಬಲ. ಅದು ಹೋದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಅವರೇ. ಅವರ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಧರ್ಮಣ್ಣನಿಗೂ.

ಒಂಬತ್ತು ಗಂಟೆಗೆ ರಾಯರ ಕೋಣೆಯಲ್ಲಿ ಮಾತುಕತೆ ನಡೆಯಿತು. ಗುಲಬರ್ಗಾದಲ್ಲಿ ಪರೀಕ್ಷೆ, ಅಂಗಳ ಸಿಗದು. ಚಿತ್ತಾಪುರ, ಸೇಡಂಗಳಲ್ಲಿ ಕಂಬಗಳೇ ಇಲ್ಲ. ಉಳಿದದ್ದು ವಾಡಿಯ ರೈಲ್ವೆ ಇನ್‌ಸ್ಟಿಟ್ಯೂಟಿನ ಹಳೆಯ ಅಂಗಳ. ವರ್ಧಾ ತಂಡ ರೈಲು ಹತ್ತುವುದೂ ವಾಡಿಯಲ್ಲೇ. ಫೈನಲ್ ವಾಡಿಗೆ ಹೋಯಿತು.

ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ಧರ್ಮಣ್ಣ ಮೊದಲೇ ಹೋಗಿ ಇಳಿದ. ಪ್ಲಾಟ್‌ಫಾರಮ್ಮಿನ ಕಲ್ಲಿದ್ದಲ ವಾಸನೆ ಮೂಗಿಗೆ ಬಡಿದ ಕೂಡಲೇ ಅವನಿಗೆ ಪ್ರಾಯ ನೆನಪಾಯಿತು. ಈ ಸೀಮೆಗೆ ಈ ಆಟ ತಂದವರು ವಾಡಿಯ ವಿಠ್ಠಲರಾಯರು, ಗೂಡ್ಸ್ ಗಾಡಿಯ ಗಾರ್ಡ್. ಸಿಕಂದರಾಬಾದಿನಲ್ಲಿ ಆಟ ಕಲಿತು ಬಂದು, ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ರಿಂಗು ಮಾಡಿ ಕಂಬಕ್ಕೆ ಬಡಿದಿದ್ದರು. ಸಂಜೆ ಡ್ಯೂಟಿ ಇಳಿದು ಸೀಟಿ ಊದಿದರೆ ಫೈರ್‌ಮನ್ನರು, ಗ್ಯಾಂಗ್‌ಮನ್ನರ ಮಕ್ಕಳು, ಎಲ್ಲರೂ ಅಂಗಳಕ್ಕೆ. ಖಾಕಿ ಚಡ್ಡಿಯಲ್ಲಿ ಧರ್ಮಣ್ಣನೂ ಓಡಿದ್ದ. ನಾಲವಾರದಿಂದ ರೈಲಿನಲ್ಲಿ ಶಾಲೆಗೆ ಬರುತ್ತಿದ್ದ ಒಬ್ಬ ತೆಳ್ಳನೆಯ ಹುಡುಗ ಕೊನೆಯ ಗಾಡಿ ಬರುವತನಕ ಚೆಂಡು ಬಿಡುತ್ತಿರಲಿಲ್ಲ. ಆ ಹುಡುಗನೇ ಅಮೃತಪ್ಪ. ಗಾರ್ಡ್ ಸಾಹೇಬರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ಅಲ್ಲಿ ಸೀಟಿಯೂ ಇಲ್ಲ, ಆಟವೂ ಇಲ್ಲ ಎಂದು ಧರ್ಮಣ್ಣ ಕೇಳಿದ್ದ.

ಹಾಳುಬಿದ್ದ ನೆಲ ನೋಡಲು ಬಂದವನಿಗೆ ಕಂಡದ್ದು ಬೇರೆ. ಅಂಗಳ ಗುಡಿಸಿತ್ತು. ಮುಳ್ಳು ಕಿತ್ತು, ನೀರು ಹೊಡೆದು, ನೆಲ ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆದಿತ್ತು. ಹಿಂದೆಯೇ ಬಂದ ಪ್ರಿನ್ಸಿಪಾಲ್ ರಾಯರು, ರೈಲ್ವೆಯವರು ಎಷ್ಟು ಬೇಗ ತಯಾರು ಮಾಡಿದರು ಎಂದು ಸಂತೋಷಪಟ್ಟರು. ಧರ್ಮಣ್ಣ ಬಗ್ಗಿ ನೋಡಿದ. ಗೆರೆಯ ಮೇಲೆ ಆಡಿನ ಗೊರಸಿನ ಗುರುತುಗಳು. ಗುಡ್ಡದ ಕಡೆ ಹೋದವೂ ಇದ್ದವು, ಗುಡ್ಡದಿಂದ ಬಂದವೂ ಇದ್ದವು.

ಅಂಗಳದ ಹಿಂದೆಯೇ ಗಾರ್ಡ್ ಸಾಹೇಬರ ಬಾಡಿಗೆ ಮನೆ. ಅವರ ಹೆಂಡತಿ ಸರಸ್ವತಿಬಾಯಿ ಬಾಗಿಲು ತೆರೆದು, “ಬರ್ರಿ ಧರ್ಮಣ್ಣಾ, ಕುಂದ್ರಿ,” ಎಂದರು. ಮಂಚ ಕಿಟಕಿಗೆ ತಾಗಿತ್ತು. ಸಾಹೇಬರು ಬಿಳಿ ಅಂಗಿ ತೊಟ್ಟು, ಗಡ್ಡ ಮಾಡಿಸಿಕೊಂಡು, ದಿಂಬಿಗೆ ಒರಗಿದ್ದರು.

ಆಟ ತೋರಿಸಲು ಇವರನ್ನು ಶಹಾಬಾದಕ್ಕೆ ಒಯ್ಯಲಿಲ್ಲವೇಕೆ ಎಂದು ಧರ್ಮಣ್ಣ ಕೇಳಿದ. ಸರಸ್ವತಿಬಾಯಿ ಸೆರಗಿನಿಂದ ಕಣ್ಣೊತ್ತಿಕೊಂಡರು.

“ಅಮೃತಪ್ಪ ಬಂದಿದ್ದನಪ್ಪ, ಕಾರ್ ತರ್ತೀನಿ, ಎತ್ತಿ ಕುಂದ್ರಸ್ತೀನಿ ಅಂತ. ಇವ್ರು ಒಪ್ಪಲಿಲ್ಲ. ನನ್ನ ಹೊತಗೊಂಡು ಒಯ್ಯೂದು ಒಂದೇ ಸಲ, ಅವತ್ತು ಒಯ್ಯಿರಿ ಅಂದ್ರು. ಹುಡುಗ ಅಳಕೊಂತ ಹೋದ.”

ಧರ್ಮಣ್ಣ ಕಿಟಕಿಯ ಹತ್ತಿರ ಹೋದ. ಅಲ್ಲಿಂದ ಎರಡೂ ರಿಂಗು ನಿಚ್ಚಳವಾಗಿ ಕಾಣುತ್ತಿದ್ದವು. “ಅಂಗಳಕ ಸುಣ್ಣ ಯಾರು ಹಾಕಿದ್ರಿ ಸಾಹೇಬ್ರ?”

ಗಾರ್ಡ್ ಸಾಹೇಬರ ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ತೊದಲುತ್ತಿತ್ತು. ಆದರೂ ದನಿಯಲ್ಲಿ ಹಳೆಯ ಬಿಗಿ ಇತ್ತು. “ನೀ ಇನ್ನಾ ಪೊಲೀಸ ಏನೋ? ಆಟ ನೋಡು.”

ಧರ್ಮಣ್ಣ ಆಟ ನೋಡಿದ. ಮಾಲಗಾಡಿಗಳು ಹಾದುಹೋಗುವ ಗದ್ದಲದಲ್ಲಿ, ಇಳಿಬಿಸಿಲಿನಲ್ಲಿ, ಇಡೀ ವಾಡಿ ಅಂಗಳದ ಸುತ್ತ ನಿಂತಿತ್ತು. ಬುರ್ಖಾ ತೊಟ್ಟ ಹೆಂಗಸರು ಕ್ವಾರ್ಟರ್ಸಿನ ಮಾಳಿಗೆಗಳ ಮೇಲೆ. ಕಲ್ಲಿನ ಮೇಲೆ ಪಳಗಿದ ಕಾಗಿಣಾದ ಹುಡುಗರಿಗೆ ಚೆಂಡು ಅರ್ಧದಷ್ಟೇ ಪುಟಿಯುತ್ತಿತ್ತು. ಕೈ ಚಾಚಿದಲ್ಲಿ ಅದು ಇರುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಕೊನೆಗೆ ಒಂದೇ ಪಾಯಿಂಟಿನ ಅಂತರ. ಶಿವರಾಯನ ಕೊನೆಯ ಎಸೆತ ರಿಂಗಿನ ಸುತ್ತ ತಿರುಗಿ ಹೊರಗೆ ಬಿತ್ತು. ವರ್ಧಾ ಗೆದ್ದಿತು. ಕಿಟಕಿಯಲ್ಲಿ ಗಾರ್ಡ್ ಸಾಹೇಬರು ಬಲಗೈಯಿಂದ ಚೌಕಟ್ಟನ್ನು ಬಡಿಯುತ್ತಲೇ ಇದ್ದರು. ಅಮೃತಪ್ಪ ಮಾಸ್ತರರು ಆಟಕ್ಕಿಂತ ಹೆಚ್ಚು ಆ ಕಿಟಕಿಯನ್ನೇ ನೋಡುತ್ತಿದ್ದರು. ಆಗಲೇ ಧರ್ಮಣ್ಣನ ಕಣ್ಣು ಮತ್ತೊಮ್ಮೆ ಅವರ ಪ್ಯಾಂಟಿನ ತುದಿಗೆ ಬಿತ್ತು.

ಅವನಿಗೆ ಸುಮ್ಮನಿದ್ದುಬಿಡುವ ಆಸೆಯಾಯಿತು. ತಾನೂ ಆ ಸೀಟಿಗೆ ಓಡಿಬಂದವನೇ. ಆದರೆ ಜನರ ಹಿಂದೆ, ಗೋಡೆಗೆ ಒರಗಿ, ಯಾರೂ ಮಾತಾಡಿಸದ ಕಾಶಪ್ಪ ನಿಂತಿದ್ದ.

ಇನ್‌ಸ್ಟಿಟ್ಯೂಟಿನ ಹಾಲಿನಲ್ಲಿ ಎರಡೂ ತಂಡ ಕೂತವು. ಮೇಜಿನ ಮೇಲೆ ಕಪ್. ದಿಲ್ಲಿಯ ಅಧಿಕಾರಿ, ರಾಯರು, ವರ್ಧಾದ ಮ್ಯಾನೇಜರ್ ಎದುರಿಗೆ. ಧರ್ಮಣ್ಣ ನಿಂತು ಮಾತಾಡಿದ. ರಾಯರು ಅಧಿಕಾರಿಗೆ ಹಿಂದಿಯಲ್ಲಿ ತಿಳಿಸುತ್ತ ಹೋದರು.

“ನಾವೆಲ್ಲ ಒಂದೇ ಪ್ರಶ್ನಿ ಕೇಳಿದಿವಿ—ಶಹಾಬಾದದ ಅಂಗಳ ಕೆಟ್ಟರ ಯಾರಿಗ ಲಾಭ? ಆದ್ರ ಮಾಡಿದವ್ರಿಗೆ ಅಂಗಳ ಕೆಡಸೂದು ಬೇಕಾಗಿರಲಿಲ್ಲ. ಸಿಟ್ಟಿದ್ದವ ಸುತ್ತಿಗಿ ಹಾಕಿ ಒಡೀತಿದ್ದ. ಇವ್ರು ಒಂದು ಕಲ್ಲಿನ ಮೂಲಿನೂ ಮುರೀಲಾರದಂಗ ಹಾರಿಲೆ ಎಬ್ಬಿಸಿ, ನಡಕ ಗೋಣಿತಟ್ಟು ಇಟ್ಟಾರ. ನಾಳಿ ಮತ್ತ ಹಾಸಬೇಕಲ್ಲ.”

ಮುಂದೆ ಹೇಳು ಎಂದು ಅಧಿಕಾರಿ ಕೈ ಮಾಡಿದರು.

“ಕೇಳಬೇಕಾದ ಪ್ರಶ್ನಿ—ಆಟ ವಾಡಿಗೆ ಬರೂದು ಯಾರಿಗ ಬೇಕಿತ್ತು? ವಾಡಿಗೆ ಅಂತ ಗೊತ್ತಾಗಿದ್ದು ಇವತ್ತು ಮುಂಜಾನಿ. ಇಲ್ಲಿ ಸುಣ್ಣದ ಗೆರಿ ಮ್ಯಾಲ ಆಡು ಗುಡ್ಡಕ ಹೋದ ಹೆಜ್ಜಿನೂ ಇದ್ದವು, ಹೊಳ್ಳಿ ಬಂದ ಹೆಜ್ಜಿನೂ ಇದ್ದವು. ಆಡು ಮನಿಗೆ ಬರೂದು ಸಂಜೀಕ. ನಾ ಮಧ್ಯಾಹ್ನ ನೋಡಿದಾಗ ಇವತ್ತು ಹೋದವು ಇನ್ನಾ ಹೊಳ್ಳಿ ಬಂದಿರಲಿಲ್ಲ. ಅಂದ್ರ ಗೆರಿ ಹಾಕಿದ್ದು ನಿನ್ನಿ ಸಂಜಿಗಿಂತ ಮೊದಲ. ಅಲ್ಲಿ ಕಲ್ಲು ಏಳೂದರೊಳಗ ಇಲ್ಲಿ ಅಂಗಳ ತಯಾರಿತ್ತು.”

ಅವನು ಅಮೃತಪ್ಪನವರ ಕಡೆ ತಿರುಗಿದ. ದನಿ ಇಳಿಯಿತು.

“ಮಾಸ್ತರ್ರ, ನಿಮ್ಮ ಪ್ಯಾಂಟಿಗೆ ಮುಂಜಾನಿನೇ ಸುಣ್ಣ ಹತ್ತಿತ್ತು. ಎಲ್ಲಾರೂ ನೋಡಿದಿವಿ, ಆಟದ ಮಾಸ್ತರ್ರು, ಗೆರಿ ಹಾಕ್ಯಾರ ಅಂದಕೊಂಡಿವಿ. ಆದ್ರ ನಮ್ಮ ಅಂಗಳದಾಗ ಸುಣ್ಣ ಎಲ್ಲದರಿ? ಅಲ್ಲಿರೂದು ಹಳದಿ ಎಣ್ಣಿಬಣ್ಣ.”

ಅಮೃತಪ್ಪ ಎದ್ದು ನಿಂತರು. ನಿರಾಕರಿಸಲಿಲ್ಲ. ಗಾರ್ಡ್ ಸಾಹೇಬರು ಅಂಗಳಕ್ಕೆ ಬರಲಾರರು ಎಂದಮೇಲೆ ಅಂಗಳವನ್ನೇ ಅವರ ಹತ್ತಿರ ತರದೆ ದಾರಿಯಿರಲಿಲ್ಲ ಎಂದರು. ಫೈನಲ್ ವಾಡಿಯಲ್ಲಿ ಇಡಿರೆಂದು ತಿಂಗಳ ಹಿಂದೆಯೇ ಕೇಳಿದ್ದರು. ಕಲ್ಲಿನ ಅಂಗಳ ಬಿಟ್ಟು ಮಣ್ಣಿಗೇಕೆ ಎಂದು ಸಮಿತಿ ನಕ್ಕಿತ್ತು. ರಾಯರು ತಲೆ ತಗ್ಗಿಸಿದರು. ಆ ಸಮಿತಿಯಲ್ಲಿ ಅವರೂ ಇದ್ದರು. ಮಾಸ್ತರರು ಮೊದಲು ಕಾಶಪ್ಪನ ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದು ತಪ್ಪಾಯಿತು ಎಂದರು, ಆಮೇಲೆ ವರ್ಧಾದ ಮ್ಯಾನೇಜರಿಗೆ.

ಆ ಮ್ಯಾನೇಜರ್ ಬೆಳಗ್ಗಿನಿಂದ ಕಳ್ಳನ ಹಾಗೆ ನೋಡಿಸಿಕೊಂಡವರು. ದೂರು ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದಾಗ, ತಮ್ಮ ದೂರು ಮುಗಿಯಿತು, ಆ ಗಾರ್ಡ್ ಸಾಹೇಬರ ಮನೆ ಯಾವುದು ಎಂದಷ್ಟೇ ಕೇಳಿದರು. ಕಪ್ ಕೈಗೆ ಬಂದ ಕೂಡಲೇ ವರ್ಧಾದ ಹುಡುಗರು ಅದನ್ನೆತ್ತಿಕೊಂಡು ಅಂಗಳ ದಾಟಿ ಆ ಕಿಟಕಿಯ ಕಡೆ ನಡೆದರು.

ಹಾಲಿನಲ್ಲಿ ಉಳಿದದ್ದು ಕಾಗಿಣಾದ ಹುಡುಗರು ಮಾತ್ರ. ಮಾಸ್ತರರು ಅವರ ಮುಂದೆ ನಿಂತು, ನಿಮ್ಮ ಕಪ್ ನಾನೇ ಕಳೆದೆ ಎಂದರು.

ಶಿವರಾಯ ಮೊಣಕಾಲ ಮೇಲಿನ ಮಣ್ಣು ಒರೆಸುತ್ತ ಕೂತಿದ್ದ. ಅವನ ಕಣ್ಣು ಕೆಂಪಾಗಿತ್ತು. ಸೋತದ್ದಕ್ಕೋ ಇದಕ್ಕೋ, ಧರ್ಮಣ್ಣನಿಗೆ ತಿಳಿಯಲಿಲ್ಲ.

“ನಮಗ ಒಂದು ಮಾತು ಹೇಳಬೇಕಿತ್ರಿ ಸರ್,” ಎಂದ ಅವನು. “ಹೇಳಿದ್ರ ಕಲ್ಲು ನಾವೇ ಎತ್ತತಿದ್ದಿವಿ. ನೀವೊಬ್ರೇ ಯಾಕ ಎತ್ತಿದ್ರಿ?”

ಹುಡುಗರು ಒಬ್ಬೊಬ್ಬರಾಗಿ ಎದ್ದು ಗಾರ್ಡ್ ಸಾಹೇಬರ ಮನೆಯತ್ತ ಹೊರಟರು. ಕಾಶಪ್ಪ ಕುಂಟುತ್ತ ಅವರ ನಡುವೆ. ಶಿವರಾಯ ಮಾತ್ರ ಬಾಗಿಲಲ್ಲಿ ನಿಂತ. ಮಾಸ್ತರರು ಮುಖ ಒರೆಸಿಕೊಂಡು ಬರುವತನಕ ಅವನು ಅಲ್ಲಿಂದ ಕದಲಲಿಲ್ಲ.