ಬಿರುಕಿನ ಸದ್ದು

ಅಣುಸ್ಥಾವರದಲ್ಲಿ ಇಂಧನ ತುಂಬಿದ ಲೋಹದ ಕೊಳವೆ ಬಿರುಕು ಬಿಟ್ಟಿತ್ತು. ಸೋರಿದ ವಿಕಿರಣದ ನೀರು ಒರೆಸಲು ಜಾಲಹಳ್ಳಿಯ ಬೂದೆಪ್ಪನನ್ನು ಕಳಿಸಿದರು. ಬಿರುಕಿನ ವಿಷಯ ಅವನಿಗೆ ಯಾರೂ ಹೇಳಲಿಲ್ಲ.

ಹೇಳಬಹುದಾಗಿದ್ದವನು ತಾಯಣ್ಣ. ಬೂದೆಪ್ಪನ ಕೇರಿಯವನೇ, ಅದೇ ಅಣುಸ್ಥಾವರದಲ್ಲಿ ಲೋಹ ಪರೀಕ್ಷಿಸುವ ವಿಜ್ಞಾನಿ. ಎಂಬತ್ನಾಲ್ಕರ ಆ ಬೇಸಿಗೆಯಲ್ಲಿ ಅವನು ರಾಯಚೂರಿನ ಪಾತ್ರೆ ಅಂಗಡಿಯೊಂದರಲ್ಲಿ, ವಾಹಿದಾಳ ಮುಂದೆ ತಲೆ ತಗ್ಗಿಸಿ ಕೂತಿದ್ದ.

ಅವಳ ಅಪ್ಪ ಸತ್ತಾರ್ ಸಾಬ್ ನಮಾಜಿಗೆ ಹೋಗಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವಾಹಿದಾ ರಜೆಯಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದಳು. ಆ ಅಂಗಡಿಯಲ್ಲಿ ಯಾವ ಪಾತ್ರೆಯನ್ನೂ ತಟ್ಟಿ ನೋಡದೆ ಕೊಡುವ ಪದ್ಧತಿಯಿಲ್ಲ. ಸೀಳಿದ್ದರೆ ಸದ್ದು ಸತ್ತಿರುತ್ತದೆ. ಓದುಗರ ಬಳಗದಲ್ಲಿ ಪರಿಚಯವಾದ ತಾಯಣ್ಣ ತಂಬಿಗೆಯ ನೆಪ ಮಾಡಿ ಮೊದಲ ಸಲ ಬಂದಾಗ, ಅವಳು ಬೆರಳ ಗೆಣ್ಣಿನಿಂದ ತಂಬಿಗೆ ತಟ್ಟಿ, ನಾದ ಅಡಗುವವರೆಗೂ ಅವನ ಕಣ್ಣನ್ನೇ ನೋಡಿದ್ದಳು.

ಇಂದು ಅವಳ ಕಣ್ಣಲ್ಲಿ ಕೆಂಡ.

"ಬೂದೆಪ್ಪ ಹಾಸಿಗಿ ಹಿಡದಾನ. ನಿನಗ ಎಲ್ಲಾ ಗೊತ್ತಿತ್ತಲ್ಲ?"

"ಗೊತ್ತಿತ್ತು. ನ್ಯೂಟ್ರಾನ್ ಬಡದು ಬಡದು ಲೋಹದಾಗಿನ ಪರಮಾಣು ಜಾಗ ಬಿಡ್ತಾವ. ಲೋಹ ಬಿರುಸಾಗಿ ಬಾಗೋದು ಮರೀತದ. ಹೊರಗ ಬೆಳ್ಳಿಹಂಗ ಹೊಳೀತದ, ಒಂದಿನ ಪಟ್ಟಂತ ಸೀಳ್ತದ."

"ಪಾಠ ಬ್ಯಾಡ. ಬಾಯಿ ಯಾಕ ಬಿಡಲಿಲ್ಲ?"

"ಬಾಯಿ ಮುಚ್ಚಿಕೊಂಡಿದ್ದು, ಕೊಳವಿ ಸೀಳೇ ಇಲ್ಲ ಅಂತ ನಾಳಿ ನಿಮ್ಮ ಕಾಲೇಜಿನ ಸಭಾದಾಗ ಹೇಳಿದ್ರ ಸ್ಥಾವರದವರು ಕ್ವಾರ್ಟರ್ಸ್ ಕೊಡ್ತಾರಂತ. ಕೇರಿ ಹುಡುಗ, ಸಾಬರ ಹುಡುಗಿ. ಈ ಊರಾಗ ನಮಗ ಬಾಡಿಗಿ ಮನಿ ಯಾರು ಕೊಡ್ತಾರ, ವಾಹಿದಾ?"

ಅವಳು ತಂಬಿಗೆಯನ್ನು ಕಟ್ಟೆಗೆ ಕುಕ್ಕಿದಳು. "ಬೂದೆಪ್ಪನ ಎಲುಬಿನ ಮ್ಯಾಲ ನನಗ ಮನಿ ಕಟ್ಟಾಕತ್ತೀಯೇನು?"

ಅವನು ಆ ತಂಬಿಗೆಯ ಅಂಚು ಸವರುತ್ತಾ ಹೇಳಿದ: "ಆ ಲೋಹಾನ ಕಾಯಿಸಿದ್ರ ಪರಮಾಣು ತಿರುಗಿ ಜಾಗಕ್ಕ ಬರ್ತಾವ..."

"ಹಂಗಾದ್ರ ನಿನಗ ನಾ ಬೆಂಕಿ ಹಚ್ಚಬೇಕೇನು?"

"ಹಚ್ಚೇ ಬಿಟ್ಟೀಯಲ್ಲ."

ಬೈಯಲು ತೆರೆದ ತುಟಿ ನಗೆಗೆ ಸೋತಿತು. ಸೋತದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಸಭೆ. ಜಾಲಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹೆಂಗಸರು ನೆಲದ ಮೇಲೆ. ಮುಂದೆ ಬೂದೆಪ್ಪನ ಹೆಂಡತಿ ಗೋಪಮ್ಮ. ಕುರ್ಚಿಗಳ ಮೇಲೆ ಸೂಟು, ಸೆಂಟು. "ನಮ್ಮ ಕೊಳವೆ ಸೀಳಿಲ್ಲವೆಂದು ನಿಮ್ಮವನೇ ಹೇಳುತ್ತಾನೆ, ಕೇಳಿ" ಎಂದು ಸ್ಥಾವರದ ಸಾಹೇಬ ತಾಯಣ್ಣನನ್ನು ಕರೆದ. ಅವರಿಗೆ ವಿಜ್ಞಾನಿ ಬೇಕಿರಲಿಲ್ಲ. ಕೇರಿಯ ಬಾಯಿಗೆ ತುರುಕಲು ಕೇರಿಯದೇ ಬಟ್ಟೆ ಬೇಕಿತ್ತು.

ಮೈಕ್ ಸೆಟ್ಟು ಎಂದಿನಂತೆ ಭೌತಶಾಸ್ತ್ರದ ವಾಹಿದಾಳ ಉಸ್ತುವಾರಿಯಲ್ಲಿತ್ತು.

ತಾಯಣ್ಣ ಮೈಕನ್ನು ಗೆಣ್ಣಿನಿಂದ ತಟ್ಟಿದ. ಸದ್ದು ಸಭಾಂಗಣದ ಗೋಡೆಗೆ ಬಡಿದು ಬಂತು. ಅದು ಅಡಗುವವರೆಗೂ ಅವಳನ್ನೇ ನೋಡಿದ. ಅವಳೂ ಕಣ್ಣು ಕೀಳಲಿಲ್ಲ.

"ಗೋಪಕ್ಕಾ, ಕೊಳವಿ ಸೀಳಿತ್ತು. ನನಗ ಗೊತ್ತಿತ್ತು. ಆ ನೀರು ಒರಸಾಕ ಇವರು ನಿನ್ನ ಗಂಡನ್ನ ಕಳಿಸಿದ್ರು. ನಾ ಬಾಯಿ ಮುಚ್ಚಿಕೊಂಡಿದ್ದೆ..."

ಪ್ರಿನ್ಸಿಪಾಲರು ಬೆವರುತ್ತಾ ಓಡಿ ಬಂದರು. "ವಾಹಿದಾ, ಮೈಕ್ ಬಂದ್ ಮಾಡ್ರಿ! ನೌಕರಿ ಬೇಕೋ ಬ್ಯಾಡೋ?"

ಕ್ವಾರ್ಟರ್ಸ್ ಹೋಗಿತ್ತು. ಈಗ ಅವಳ ನೌಕರಿಯೂ ಹೋಗುತ್ತದೆ. ವಾಹಿದಾ ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು.

"ಮಾಡಂಗಿಲ್ರೀ ಸರ್."